ಮಳೆಯಿಲ್ಲದೆ ಏರುವ ಹಳ್ಳ: ಚಂದ್ರಾ ಕಣಿವೆಯ ನೀರಿನ ಲೆಕ್ಕ

ಪ್ರಶ್ನೆ: ಕಳೆದ ಜುಲೈನಲ್ಲಿ ನಾವು ಆರು ಮಂದಿ ಗೆಳೆಯರು ಹಿಮಾಚಲದ ಹಂಪ್ತಾ ಪಾಸ್ ದಾಟಿದೆವು. ಪಾಸ್ ಇಳಿದು ಶಿಯಾಗೋರು ಎನ್ನುವ ಜಾಗದಲ್ಲಿ ಟೆಂಟ್ ಹಾಕಿದ್ದೆವು. ಸಂಜೆ ಪಕ್ಕದ ಹಳ್ಳ ಆರ್ಭಟಿಸುತ್ತಿತ್ತು. ದಡದಲ್ಲಿ ನಿಲ್ಲುವುದಕ್ಕೇ ಭಯವಾಗುತ್ತಿತ್ತು. ಮರುದಿನ ಗೈಡ್ ನಸುಕಿನಲ್ಲೇ ಎಬ್ಬಿಸಿ ದಾಟಿಸಿದಾಗ ಅದೇ ಹಳ್ಳ ಮೊಣಕಾಲುದ್ದ ಇತ್ತು. ಎರಡು ದಿನದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ. ಆ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು? ಇನ್ನೊಂದು ಅನುಮಾನ. ಛತ್ರುವಿನಲ್ಲಿ ಚಂದ್ರಾ ನದಿ ಸಿಮೆಂಟ್ ಕಲಸಿದ ಹಾಗೆ ಬೂದಿ ಬಣ್ಣ. ಮೇಲೆ ಚಂದ್ರತಾಲ ಸರೋವರ ಮಾತ್ರ ಗಾಜಿನಂತೆ ತಿಳಿ. ಸರೋವರದಿಂದಲೇ ನದಿ ಹುಟ್ಟುವುದಾದರೆ ಬಣ್ಣ ಯಾಕೆ ಬೇರೆ? ಮುಂದಿನ ವರ್ಷ ಚಂದ್ರತಾಲದಿಂದ ಬಾರಾಲಾಚಾ ಪಾಸ್‌ವರೆಗೆ ನಡೆಯಬೇಕೆಂದಿದ್ದೇವೆ. ಅಲ್ಲಿಯೂ ಇಂಥ ಹಳ್ಳಗಳಿವೆಯಂತೆ. ಹೇಗೆ ದಾಟುವುದು?
— ದಾವಣಗೆರೆಯ ಓದುಗರು

ಉತ್ತರ:

ನಿಮ್ಮ ಗೈಡ್ ನಸುಕಿನಲ್ಲೇ ಎಬ್ಬಿಸಿದ್ದು ಸರಿ. ಅವರಿಗೆ ಒಂದು ಥ್ಯಾಂಕ್ಸ್ ಹೇಳಿಬಿಡಿ.

ನೀವು ತುಂಗಭದ್ರೆಯ ಕಡೆಯವರು. ಹರಿಹರದಲ್ಲಿ ಹೊಳೆ ಏರಿದರೆ ಮಲೆನಾಡಿನಲ್ಲಿ ಮಳೆ ಜೋರಾಗಿದೆ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ನಾಲ್ಕು ದಿನ ಬಿಸಿಲು ಬಿದ್ದರೆ ಹೊಳೆ ಇಳಿಯುತ್ತದೆ. ನಮ್ಮ ಕಡೆ ಹುಟ್ಟಿ ಬೆಳೆದವರೆಲ್ಲ ನದಿಯನ್ನು ಹೀಗೇ ನೋಡಿ ಕಲಿತವರು. ಆಕಾಶದಲ್ಲಿ ಮೋಡ ಇದೆಯಾ ಎಂದು ನೋಡುತ್ತೇವೆ, ಇಲ್ಲ ಅಂದರೆ ನಿಶ್ಚಿಂತೆಯಿಂದ ನೀರಿಗಿಳಿಯುತ್ತೇವೆ. ಹಿಮಾಲಯದ ಹಳ್ಳದ ಹತ್ತಿರ ಈ ಅಭ್ಯಾಸವನ್ನು ಬಿಡಬೇಕು. ಅಲ್ಲಿ ಎಲ್ಲ ತಿರುವುಮುರುವು. ಬಿಸಿಲು ಜೋರಾದಷ್ಟೂ ಹಳ್ಳ ಏರುತ್ತದೆ. ಮೋಡ ಮುಚ್ಚಿ ಚಳಿ ಹಿಡಿದರೆ ಇಳಿಯುತ್ತದೆ. ಆಕಾಶ ಶುಭ್ರವಾಗಿದೆ, ಇವತ್ತು ದಿನ ಚೆನ್ನಾಗಿದೆ ಎಂದು ನಿಮಗೆ ಅನ್ನಿಸುವ ದಿನವೇ ಸಂಜೆ ಹೊತ್ತಿಗೆ ಹಳ್ಳ ಅತ್ಯಂತ ಅಪಾಯದ್ದಾಗಿರುತ್ತದೆ.

ಕಾರಣ ಸರಳ. ನೀವು ನೋಡಿದ ಹಳ್ಳದ ನೀರು ಬಹುತೇಕ ಅದೇ ದಿನ ಕರಗಿದ ಹಿಮ. ಇಂದ್ರಾಸನ್ ಶಿಖರದ ಕಡೆಯ ಹಿಮನದಿಗಳಿಂದ ಇಳಿದು ಶಿಯಾಗೋರು ದಾಟಿ ಛತ್ರುವಿನ ಬಳಿ ಅದು ಚಂದ್ರಾ ನದಿಗೆ ಸೇರುತ್ತದೆ. ಹಿಮನದಿ ಎಂದರೆ ನೀರಿನ ನದಿ ಅಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆಸರಿನಿಂದಾಗಿ ಎಷ್ಟೋ ಜನ ತಪ್ಪು ತಿಳಿಯುತ್ತಾರೆ. ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಒತ್ತಿ ಮಂಜುಗಡ್ಡೆಯಾಗಿ, ತನ್ನ ಭಾರಕ್ಕೇ ಇಳಿಜಾರಿನಲ್ಲಿ ನಿಧಾನವಾಗಿ ಜರುಗುವ ರಾಶಿ ಅದು. ಇಡೀ ವರ್ಷಕ್ಕೆ ಕೆಲವು ಹತ್ತು ಮೀಟರ್ ಜರುಗಿದರೆ ಹೆಚ್ಚು.

ಬೆಳಗ್ಗೆ ಸೂರ್ಯ ಶಿಖರ ದಾಟಿ ಬಂದಾಗ ಆ ರಾಶಿಯ ಮೇಲ್ಮೈ ಕರಗಲು ಶುರು. ಕರಗಿಸುವುದು ಸುಲಭದ ಕೆಲಸವಲ್ಲ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರು ಮಾಡುವುದಕ್ಕೆ ಎಷ್ಟು ಶಾಖ ಬೇಕೋ, ಅಷ್ಟೇ ಶಾಖದಲ್ಲಿ ಆ ಒಂದು ಕಿಲೋ ನೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. ಹಾಗಾಗಿ ಬರೀ ಗಾಳಿ ಬೆಚ್ಚಗಾದರೆ ಸಾಲದು, ನೇರ ಬಿಸಿಲು ಬೀಳಬೇಕು. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ತೆಳು. ಬಿಸಿಲು ಚರ್ಮ ಸುಡುವಷ್ಟು ಚುರುಕು. ನಿಮ್ಮ ಮೂಗು ಸಿಪ್ಪೆ ಸುಲಿದಿರಬೇಕು, ಅಲ್ವಾ? ಅದೇ ಬಿಸಿಲು ಹಿಮವನ್ನೂ ಕರಗಿಸುತ್ತಿತ್ತು.

ಬಿಸಿಲು ನೆತ್ತಿಗೆ ಬರುವುದು ಮಧ್ಯಾಹ್ನ 12ಕ್ಕೆ. ಹಳ್ಳ ತುಂಬುವುದು ಸಂಜೆ. ನಡುವಿನ ಆ ನಾಲ್ಕೈದು ಗಂಟೆ ನೀರು ದಾರಿಯಲ್ಲಿರುತ್ತದೆ. ಮೊದಲು ಮಂಜಿನ ಮೇಲೆ ಸಣ್ಣ ಸಣ್ಣ ಗೆರೆಗಳಾಗಿ ಹರಿಯುತ್ತದೆ. ಗೆರೆಗಳು ಕೂಡಿ ಒಂದು ಕಾಲುವೆ. ನೀಲಿ ಮಂಜಿನಲ್ಲಿ ಕೊರೆದ ಆ ಕಾಲುವೆ ನೋಡುವುದಕ್ಕೆ ಎಷ್ಟು ಚೆಂದ ಎಂದರೆ, ನಾನು ಮೊದಲ ಸಲ ನೋಡಿದಾಗ ಕೈಯಲ್ಲಿದ್ದ ಉಪಕರಣ ಕೆಳಗಿಟ್ಟು ಸುಮ್ನೆ ನಿಂತುಬಿಟ್ಟಿದ್ದೆ. ಆಮೇಲೆ ಆ ಕಾಲುವೆ ಎಲ್ಲೋ ಒಂದು ಬಿರುಕಿಗೆ, ಇಲ್ಲವೇ ಬಾವಿಯಂಥ ತೂತಿಗೆ ಧುಮುಕಿ ಕಾಣೆಯಾಗುತ್ತದೆ. ಅಲ್ಲಿಂದ ಮುಂದಿನದು ಕತ್ತಲೆಯ ಪಯಣ. ಮಂಜಿನ ತಳಕ್ಕೂ ಬಂಡೆಗೂ ನಡುವೆ ನೀರು ತಾನೇ ಕೊರೆದುಕೊಂಡ ಸುರಂಗಗಳಿವೆ. ಅವುಗಳಲ್ಲಿ ಹರಿದು, ಕೊನೆಗೆ ಹಿಮನದಿಯ ಮೂತಿಯಲ್ಲಿರುವ ಗುಹೆಯಂಥ ಬಾಯಿಂದ ಹಳ್ಳವಾಗಿ ಹೊರಬರುತ್ತದೆ.

ಈ ತಡ ಎಲ್ಲ ಕಾಲದಲ್ಲೂ ಒಂದೇ ಅಲ್ಲ. ಇದನ್ನು ಚಾರಣಿಗರು ತಿಳಿದಿರಬೇಕು. ಜೂನ್ ಮೊದಲಲ್ಲಿ ಹಿಮನದಿಯ ಮೇಲೆ ಚಳಿಗಾಲದ ಹಿಮ ಇನ್ನೂ ದಪ್ಪಗೆ ಕೂತಿರುತ್ತದೆ. ಕರಗಿದ ನೀರನ್ನು ಅದು ಸ್ಪಂಜಿನ ಹಾಗೆ ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಆಗ ಹಗಲು ರಾತ್ರಿಯ ವ್ಯತ್ಯಾಸ ಕಡಿಮೆ. ಅಲ್ಲದೆ ಹೊಸ ಹಿಮ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ. ಜುಲೈ ಕೊನೆ, ಆಗಸ್ಟ್ ಹೊತ್ತಿಗೆ ಆ ಬಿಳಿ ಹೊದಿಕೆ ಮೇಲಕ್ಕೆ ಸರಿದು ಕೆಳಗಿನ ಹಳೆಯ ಕಪ್ಪಗಿನ ಮಂಜು ಬಯಲಾಗುತ್ತದೆ. ಅದು ಬಿಸಿಲನ್ನು ನುಂಗುತ್ತದೆ. ಒಳಗಿನ ಸುರಂಗಗಳೂ ಅಷ್ಟರಲ್ಲಿ ಅಗಲವಾಗಿರುತ್ತವೆ. ಕರಗಿದ ನೀರಿಗೆ ತಡೆಯೇ ಇಲ್ಲ. ಹಳ್ಳ ಬೇಗ ಏರುತ್ತದೆ, ಎತ್ತರಕ್ಕೂ ಏರುತ್ತದೆ. ನೀವು ಹೋದ ತಿಂಗಳಿನಿಂದ ಆಗಸ್ಟ್‌ವರೆಗೆ ಈ ಏರಿಳಿತ ಇನ್ನೂ ಚೂಪಾಗುತ್ತಾ ಹೋಗುತ್ತದೆ.

ಹಾಗಾದರೆ ಬೆಳಗಿನ ಆ ಮೊಣಕಾಲುದ್ದದ ನೀರು ಯಾವುದು? ಅದು ನಿನ್ನೆ ಮೊನ್ನೆಯ ಬಾಕಿ. ರಾತ್ರಿ ಮೇಲ್ಮೈ ಹೆಪ್ಪುಗಟ್ಟುತ್ತದೆ, ಹೊಸ ನೀರು ನಿಂತುಹೋಗುತ್ತದೆ. ಮಂಜಿನ ತಳದಲ್ಲಿ, ಜಲ್ಲಿಯ ಸಂದಿಯಲ್ಲಿ ಉಳಿದದ್ದು ಮಾತ್ರ ಜಿನುಗುತ್ತಿರುತ್ತದೆ. ಇದನ್ನು ಅಳೆದು ನೋಡಬಹುದು. ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ತೋರಿಸುವ ಒಂದು ಸಣ್ಣ ಮೀಟರ್ ನಮ್ಮ ಚೀಲದಲ್ಲಿ ಯಾವಾಗಲೂ ಇರುತ್ತದೆ. ಬೆಳಗಿನ ಜಾವ ಅದ್ದಿದರೆ ಅಂಕಿ ಜಾಸ್ತಿ. ಬಂಡೆ, ಮಣ್ಣಿನ ಜೊತೆ ಹೊತ್ತು ಕಳೆದ ನೀರು ಅದು. ಸಂಜೆ ಅದೇ ಜಾಗದಲ್ಲಿ ಅದ್ದಿದರೆ ಅಂಕಿ ಸಾಕಷ್ಟು ಇಳಿದಿರುತ್ತದೆ. ಕಲ್ಲನ್ನು ಸರಿಯಾಗಿ ಮುಟ್ಟಲೂ ಸಮಯ ಸಿಗದೆ ಓಡಿ ಬಂದ ಅಂದಿನ ನೀರು ಅದು. ಒಂದೇ ಹಳ್ಳ, ಒಂದೇ ದಿನ, ಎರಡು ಬೇರೆ ಬೇರೆ ನೀರು.

ಇನ್ನು ನದಿ ಎಲ್ಲಿ ಹುಟ್ಟುತ್ತದೆ ಎನ್ನುವ ಮಾತು. ಚಂದ್ರತಾಲದಿಂದ ಚಂದ್ರಾ ನದಿ ಹುಟ್ಟುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಹೆಸರು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಅದು ಹಾಗಲ್ಲ. ಚಂದ್ರಾ ಹುಟ್ಟುವುದು ಅಲ್ಲಿಂದ ಇನ್ನೂ ಮೇಲೆ, ಸುಮಾರು 4,890 ಮೀಟರ್ ಎತ್ತರದ ಬಾರಾಲಾಚಾ ಪಾಸ್‌ನ ಬಳಿಯ ಹಿಮದಲ್ಲಿ. ಅದೇ ಪಾಸ್‌ನ ಇನ್ನೊಂದು ಮಗ್ಗುಲಲ್ಲಿ, ಸೂರಜ್‌ತಾಲದ ಕಡೆ, ಭಾಗಾ ನದಿ ಹುಟ್ಟುತ್ತದೆ. ಚಂದ್ರಾ ಆಗ್ನೇಯಕ್ಕೆ ಹೊರಟು, ದೊಡ್ಡ ಸುತ್ತು ಹಾಕಿ, ಬಾತಲ್ ದಾಟಿದ ಮೇಲೆ ಪಶ್ಚಿಮಕ್ಕೂ ವಾಯುವ್ಯಕ್ಕೂ ತಿರುಗುತ್ತದೆ. ಭಾಗಾ ಬೇಗನೆ ಕೆಳಗಿಳಿದು ಕೇಲಾಂಗ್ ಕಡೆಯಿಂದ ಬರುತ್ತದೆ. ತಾಂಡಿ ಎನ್ನುವ ಊರಲ್ಲಿ ಎರಡೂ ಕೂಡುತ್ತವೆ. ಅಲ್ಲಿಂದ ಮುಂದೆ ಅದು ಚಂದ್ರಭಾಗಾ, ಅಂದರೆ ಚಿನಾಬ್. ಈ ಕಣಿವೆಗಳ ಸೀಮೆಗೆ ಲಾಹೌಲ್ ಎಂದು ಹೆಸರು. ಅಲ್ಲಿಯ ಜನ ಹೇಳುವ ಕಥೆಯಲ್ಲಿ ಚಂದ್ರಾ ಚಂದ್ರನ ಮಗಳು, ಭಾಗಾ ಸೂರ್ಯನ ಮಗ. ಪ್ರೀತಿಸಿದ ಇಬ್ಬರು ಬಾರಾಲಾಚಾದಿಂದ ಬೇರೆ ಬೇರೆ ದಾರಿ ಹಿಡಿದು ಓಡಿ ತಾಂಡಿಯಲ್ಲಿ ಒಂದಾದರಂತೆ. ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆಯಾಗಿ, ಕೂಡ್ಲಿಯಲ್ಲಿ ಮತ್ತೆ ಸೇರುವ ತುಂಗೆ, ಭದ್ರೆಯರನ್ನು ಬಲ್ಲ ನಿಮಗೆ ಇದು ಹೊಸ ಕಥೆ ಅನ್ನಿಸಲಾರದು. ತಾಂಡಿ ಅಲ್ಲಿಯವರಿಗೆ ಪುಣ್ಯಸ್ಥಳ. ಸತ್ತವರ ಬೂದಿಯನ್ನು ಅಲ್ಲೇ ಬಿಡುತ್ತಾರೆ.

ಚಂದ್ರತಾಲ ಈ ದಾರಿಯ ಪಕ್ಕದಲ್ಲಿ, ಸುಮಾರು 4,250 ಮೀಟರ್ ಎತ್ತರದಲ್ಲಿ ಕುಳಿತ ಒಂದು ಸರೋವರ ಅಷ್ಟೇ. 2005ರಲ್ಲಿ ಅದಕ್ಕೆ ರಾಮ್ಸಾರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುಭೂಮಿ, ಎನ್ನುವ ಮಾನ್ಯತೆ ಸಿಕ್ಕಿತು. ಅದಕ್ಕೆ ಕಣ್ಣಿಗೆ ಕಾಣುವ ದೊಡ್ಡ ಹಳ್ಳವೇನೂ ಬಂದು ಸೇರುವುದಿಲ್ಲ. ಸುತ್ತಲಿನ ಹಿಮ ಕರಗಿ ನೆಲದೊಳಗೆ ಇಳಿದು, ಅಡಿಯಿಂದ ಒಸರುವ ನೀರು ಅದು. ಕೆರೆ ತುಂಬಿ ಹೆಚ್ಚಾದದ್ದು ಒಂದು ತೊರೆಯಾಗಿ ಹೊರಟು ಚಂದ್ರಾ ನದಿಗೆ ಸೇರುತ್ತದೆ. ತಾಯಿಯಲ್ಲ, ನಡುದಾರಿಯಲ್ಲಿ ಜೊತೆಯಾದ ಒಬ್ಬಳು ತಂಗಿ.

ಬಣ್ಣದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ನೆಲದಲ್ಲಿ ಸೋಸಿ ಬಂದ ನೀರು ತಿಳಿ. ಹಿಮನದಿಯ ಹೊಟ್ಟೆಯಿಂದ ಬಂದ ನೀರು ಬೂದಿ. ಹಿಮನದಿ ಜರುಗುವಾಗ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳು ಬಂಡೆಯನ್ನು ಉಜ್ಜುತ್ತವೆ. ಬೀಸುವ ಕಲ್ಲಿನಲ್ಲಿ ರಾಗಿ ಹಾಕಿದ ಹಾಗೆಯೇ. ಮೇಲಿಂದ ನೂರಾರು ಅಡಿ ಮಂಜಿನ ಭಾರ. ಬಂಡೆ ಹಿಟ್ಟಾಗುತ್ತದೆ. ಹಿಮನದಿ ತಜ್ಞರು ಅದನ್ನು ಕರೆಯುವುದೂ ಹಿಟ್ಟು ಎಂದೇ. ಬೆರಳಲ್ಲಿ ತಿಕ್ಕಿದರೆ ಮರಳಿನ ತರಿ ಸಿಗದು, ಟಾಲ್ಕಂ ಪೌಡರಿನಷ್ಟು ನುಣುಪು. ಈ ಕಣಗಳು ಎಷ್ಟು ಸಣ್ಣವೆಂದರೆ ಹರಿಯುವ ನೀರಿನಲ್ಲಿ ತಳ ಸೇರುವುದೇ ಇಲ್ಲ. ತಣ್ಣೀರು ಬಿಸಿನೀರಿಗಿಂತ ಸ್ವಲ್ಪ ಮಂದ ಎನ್ನುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಸೊನ್ನೆ ಡಿಗ್ರಿ ಹತ್ತಿರದ ನೀರು ನಮ್ಮ ಬೇಸಿಗೆಯ ಕೆರೆನೀರಿಗಿಂತ ಎರಡು ಪಟ್ಟು ಜಿಗುಟು. ಹಾಗಾಗಿ ಹಿಟ್ಟು ಕೆಳಗಿಳಿಯುವುದು ಇನ್ನೂ ನಿಧಾನ. ಬಾಟಲಿಯಲ್ಲಿ ತುಂಬಿಟ್ಟು ನೋಡಿ. ಒಂದು ರಾತ್ರಿ ಕಳೆದರೂ ನೀರು ಪೂರ್ತಿ ತಿಳಿಯಾಗಿರುವುದಿಲ್ಲ.

ಈ ನೀರನ್ನು ಹಾಗೇ ಕುಡಿಯಬೇಡಿ ಎಂದೂ ಹೇಳಿಬಿಡುತ್ತೇನೆ. ನೋಡಿದರೆ ಶುದ್ಧ ಹಿಮದ ನೀರು ಅನ್ನಿಸುತ್ತದೆ. ಆದರೆ ಕಲ್ಲಿನ ಹಿಟ್ಟು ಹೊಟ್ಟೆ ಕೆಡಿಸಬಹುದು. ಮೇಲೆ ಕುರಿ ಮೇಯುತ್ತಿರುತ್ತವೆ ಎನ್ನುವುದೂ ನೆನಪಿರಲಿ. ಹುಲ್ಲಿನ ಇಳಿಜಾರಿನಿಂದ ಒಸರುವ ಸಣ್ಣ ತಿಳಿ ತೊರೆ ಹುಡುಕಿ, ಅದನ್ನೂ ಕುದಿಸಿ ಇಲ್ಲವೇ ಫಿಲ್ಟರ್ ಮಾಡಿ ಕುಡಿಯಿರಿ.

ಈಗ ನದಿಯ ಜೊತೆ ಸ್ವಲ್ಪ ಕೆಳಗೆ ಹೋಗೋಣ. ಚಂದ್ರಾ ಒಂದೇ ಹಿಮನದಿಯ ಮಗಳಲ್ಲ, ನೂರಾರು ಹಿಮನದಿಗಳು ಕೂಡಿ ಸಾಕಿದ ನದಿ. ಚಂದ್ರತಾಲದ ಎದುರು ದಡದ ಕಡೆ ಸಮುದ್ರಟಾಪು ಎನ್ನುವ ದೊಡ್ಡ ಹಿಮನದಿಯಿದೆ. ಅದರ ಮೂತಿ ಹಿಂದೆ ಸರಿದ ಜಾಗದಲ್ಲಿ ಈಗ ಒಂದು ಕೆರೆ ನಿಂತಿದೆ. ಅದರ ನೀರು ಬಂದು ಸೇರಿದ ಮೇಲೆಯೇ ಚಂದ್ರಾ ನಿಜವಾಗಿ ಮೈತುಂಬುವುದು. ಮುಂದೆ ಬಾತಲ್. ಕುಂಜುಮ್ ಪಾಸ್ ಕಡೆಯಿಂದ, ಅಂದರೆ ಸ್ಪಿತಿಯಿಂದ, ಬರುವ ರಸ್ತೆ ನದಿಯನ್ನು ಮುಟ್ಟುವುದು ಅಲ್ಲಿ. ಡಾಬಾದಲ್ಲಿ ಚಹಾ ಕುಡಿಯುತ್ತಾ ಕೂತರೆ ನದಿ ಹೇಗೆ ಕವಲು ಕವಲಾಗಿ ಹರಡಿದೆ ಎನ್ನುವುದು ಚೆನ್ನಾಗಿ ಕಾಣುತ್ತದೆ.

ಆ ಕವಲುಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಜಡೆ ಬಿಚ್ಚಿ ಮತ್ತೆ ಹೆಣೆದ ಹಾಗೆ ನೀರು ಒಡೆಯುತ್ತದೆ, ಕೂಡುತ್ತದೆ, ಮತ್ತೆ ಒಡೆಯುತ್ತದೆ. ನಮ್ಮ ಕಾವೇರಿ, ತುಂಗಭದ್ರೆಗಳಿಗೆ ಗಟ್ಟಿ ದಡವಿದೆ, ದಡದಲ್ಲಿ ಮರಗಳಿವೆ. ಚಂದ್ರಾ ಕಣಿವೆಯ ಮೇಲ್ಭಾಗದಲ್ಲಿ ಮರವೇ ಇಲ್ಲ. ದಡವೆಂದರೆ ಸಡಿಲ ಜಲ್ಲಿ. ಸಂಜೆ ನೀರು ಏರಿದಾಗ ಹಳ್ಳ ಕಲ್ಲು ಹೊರುತ್ತದೆ, ಬೆಳಗ್ಗೆ ಇಳಿದಾಗ ಹೊರಲಾರದೆ ಅಲ್ಲೇ ಇಳಿಸಿಬಿಡುತ್ತದೆ. ಇಳಿಸಿದ ರಾಶಿ ತನ್ನದೇ ದಾರಿಗೆ ಅಡ್ಡ. ಮರುದಿನ ಸಂಜೆ ಬಂದ ನೀರು ಪಕ್ಕದಲ್ಲಿ ಹೊಸ ದಾರಿ ಮಾಡಿಕೊಳ್ಳುತ್ತದೆ. ದಿನ ದಿನ ಇದೇ ಕೆಲಸ. ಒಂದು ವರ್ಷ ನಾವು ನೀರಿನ ಮಟ್ಟ ನೋಡಲು ಒಂದು ಅಳತೆಗೋಲನ್ನು ಭದ್ರವಾಗಿ ನೆಟ್ಟಿದ್ದೆವು. ಮೂರು ವಾರ ಬಿಟ್ಟು ಬಂದು ನೋಡಿದರೆ ಕೋಲು ಹಾಗೇ ನಿಂತಿತ್ತು, ನದಿ ಅಲ್ಲಿರಲಿಲ್ಲ. ನಲವತ್ತು ಹೆಜ್ಜೆ ಆಚೆ ಹರಿಯುತ್ತಿತ್ತು. ಅಂದಿನಿಂದ ಬಂಡೆಯ ನಡುವೆ ಇಕ್ಕಟ್ಟಾಗಿ ಹರಿಯುವ ಜಾಗವನ್ನೇ ಅಳತೆಗೆ ಹುಡುಕುತ್ತೇವೆ.

ಹೊರುವ ಶಕ್ತಿಯ ಲೆಕ್ಕವೂ ಕೇಳಿ. ನೀರಿನ ವೇಗ ಎರಡರಷ್ಟಾದರೆ ನಿಮ್ಮ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕರಷ್ಟಾಗುತ್ತದೆ. ಅದು ಉರುಳಿಸಬಲ್ಲ ಕಲ್ಲಿನ ತೂಕ ಇನ್ನೂ ಎಷ್ಟೋ ಪಟ್ಟು ಏರುತ್ತದೆ. ಹಳೆಯ ಸೂತ್ರದ ಪ್ರಕಾರ 64 ಪಟ್ಟು. ಆ ಸಂಜೆ ಟೆಂಟಿನಲ್ಲಿ ಮಲಗಿದ್ದಾಗ ನೀರಿನ ಸದ್ದಿನ ಒಳಗೆ ಇನ್ನೊಂದು ಮಂದ್ರ ಸದ್ದು, ನೆಲ ಗುಡುಗುಡು ಅನ್ನುವ ಹಾಗೆ, ಕೇಳಿಸಿರಬಹುದು. ಅದು ತಳದಲ್ಲಿ ಗುಂಡುಕಲ್ಲುಗಳು ಉರುಳುವ ಸದ್ದು. ಅದು ಕೇಳಿಸುತ್ತಿರುವಾಗ ಯಾರೂ ನೀರಿಗೆ ಕಾಲಿಡಬಾರದು.

ಬಾತಲ್‌ನಿಂದ ಛತ್ರುವರೆಗಿನ ಸುಮಾರು 30 ಕಿಲೋಮೀಟರ್ ದಾರಿಯಲ್ಲಿ ನದಿ 600 ಮೀಟರ್‌ನಷ್ಟು ಇಳಿಯುತ್ತದೆ. ಈ ನಡುವೆ ದಕ್ಷಿಣದಿಂದ ಎರಡು ಹೆಸರಾಂತ ಹಿಮನದಿಗಳ ನೀರು ಬಂದು ಸೇರುತ್ತದೆ: ಬಡಾ ಶಿಗ್ರಿ, ಛೋಟಾ ಶಿಗ್ರಿ. ಶಿಗ್ರಿ ಎಂದರೆ ಲಾಹೌಲ್ ಕಡೆಯ ಮಾತಿನಲ್ಲಿ ಹಿಮನದಿ. ಬಡಾ ಶಿಗ್ರಿ ಸುಮಾರು 28 ಕಿಲೋಮೀಟರ್ ಉದ್ದ, ಹಿಮಾಚಲದಲ್ಲೇ ದೊಡ್ಡದು. ಅದರ ಕೆಳಭಾಗ ಕಲ್ಲುಮಣ್ಣಿನಿಂದ ಮುಚ್ಚಿಹೋಗಿದೆ. ದೂರದಿಂದ ನೋಡಿದರೆ ಮಂಜು ಎಂದೇ ತಿಳಿಯದು, ಕ್ವಾರಿ ಥರ ಕಾಣುತ್ತದೆ. ತೆಳು ಧೂಳು ಮಂಜನ್ನು ಬೇಗ ಕರಗಿಸುತ್ತದೆ, ದಪ್ಪ ಕಲ್ಲುಹೊದಿಕೆ ಕಂಬಳಿಯ ಹಾಗೆ ಕಾಯುತ್ತದೆ. 1836ರಲ್ಲಿ ಈ ಹಿಮನದಿ ಮುಂದೆ ನುಗ್ಗಿ ಚಂದ್ರಾ ನದಿಯನ್ನೇ ಅಡ್ಡಗಟ್ಟಿತು, ಹಿಂದೆ ದೊಡ್ಡ ಕೆರೆ ನಿಂತಿತು, ಕೊನೆಗೆ ಒಡೆದು ಕಣಿವೆಯನ್ನು ಹಾಳುಮಾಡಿತು ಎಂದು ಹಳೆಯ ದಾಖಲೆಗಳು ಹೇಳುತ್ತವೆ.

ಛೋಟಾ ಶಿಗ್ರಿ ಚಿಕ್ಕದು, ಸುಮಾರು 9 ಕಿಲೋಮೀಟರ್. ಆದರೆ ನಮ್ಮಂಥವರಿಗೆ ಅದು ಪಾಠಶಾಲೆ. 2002ರಿಂದ ಪ್ರತಿ ವರ್ಷ ಅದರ ಜಮಾಖರ್ಚು ಬರೆದಿಡುತ್ತಾ ಬಂದಿದ್ದಾರೆ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದವರು, ಫ್ರಾನ್ಸಿನ ವಿಜ್ಞಾನಿಗಳು ಸೇರಿ ಶುರುಮಾಡಿದ ಕೆಲಸ. ವಿಧಾನ ರೈತನಿಗೂ ಅರ್ಥವಾಗುವಂಥದ್ದು. ಮಂಜಿನಲ್ಲಿ ಆಳ ತೂತು ಕೊರೆದು ಬಿದಿರುಗಳ ನೆಡುತ್ತಾರೆ. ಬೇಸಿಗೆ ಮುಗಿದ ಮೇಲೆ ಹೋಗಿ ಬಿದಿರು ಎಷ್ಟು ಹೊರಗೆ ಬಂದಿದೆ ಎಂದು ಅಳೆಯುತ್ತಾರೆ. ಅದು ಖರ್ಚು. ಮೇಲೆ ಗುಂಡಿ ತೋಡಿ ಆ ವರ್ಷದ ಹಿಮ ಎಷ್ಟು ದಪ್ಪ ಕೂತಿದೆ ನೋಡುತ್ತಾರೆ. ಅದು ಜಮೆ. ಕೆಲವು ವರ್ಷ ಜಮೆ ಜಾಸ್ತಿ ಇದ್ದದ್ದೂ ಇದೆ. ಆದರೆ ಒಟ್ಟು ನೋಡಿದರೆ ವರ್ಷಕ್ಕೆ ಸರಾಸರಿ ಅರ್ಧ ಮೀಟರ್‌ಗೆ ಹತ್ತಿರದಷ್ಟು ನೀರು ಆ ಹಿಮನದಿಯ ಇಡೀ ಮೈಯಿಂದ ಕಳೆದುಹೋಗುತ್ತಿದೆ. ಹಿಮಾಲಯದ ಹಿಮನದಿಗಳ ಮೇಲೆ ಕೆಲಸ ಮಾಡುವವರು ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದಲ್ಲಿ ಉಪಗ್ರಹ ಚಿತ್ರಗಳಿಂದ ಈ ಲೆಕ್ಕ ಹಾಕುತ್ತಾರೆ.

ಇಲ್ಲಿ ಒಂದು ಗೊಂದಲ ಬರುತ್ತದೆ. ಹಿಮನದಿ ಕರಗುತ್ತಿದ್ದರೆ ಹಳ್ಳದಲ್ಲಿ ನೀರು ಹೆಚ್ಚಬೇಕಲ್ಲ, ಜನರಿಗೆ ಒಳ್ಳೆಯದೇ ಅಲ್ವಾ ಎಂದು ಕೇಳುತ್ತಾರೆ. ಕೆಲವು ಕಾಲ ಹೌದು, ಹೆಚ್ಚುತ್ತದೆ. ಬ್ಯಾಂಕಿನಲ್ಲಿಟ್ಟ ಅಸಲನ್ನು ತೆಗೆದು ಖರ್ಚು ಮಾಡಿದರೆ ಕೈಯಲ್ಲಿ ದುಡ್ಡು ಓಡಾಡುವ ಹಾಗೆ. ಆಮೇಲೆ ಅಸಲೇ ಸಣ್ಣದಾಗಿ ನೀರೂ ಇಳಿಯುತ್ತದೆ. ಮೊದಲು ಬತ್ತುವುದು ದೊಡ್ಡ ನದಿಯಲ್ಲ. ತಗ್ಗಿನಲ್ಲಿರುವ ಚಿಕ್ಕ ಹಿಮನದಿಗಳ ಹಳ್ಳಗಳು ಮೊದಲು ಬತ್ತುತ್ತವೆ. ಲಾಹೌಲ್‌ನ ಊರುಗಳು ಬದುಕಿರುವುದು ಸರಿಯಾಗಿ ಅಂಥ ಹಳ್ಳಗಳ ಮೇಲೆ. ಚಂದ್ರಾ ಆಳದಲ್ಲಿ ಹರಿಯುತ್ತದೆ, ಹೊಲಗಳು ಮೇಲಿವೆ. ಅದಕ್ಕೆ ಪಕ್ಕದ ಹಳ್ಳಗಳಿಂದ ಬೆಟ್ಟದ ಮೈಗೆ ಅಂಟಿಕೊಂಡ ಸಣ್ಣ ಕಾಲುವೆ ತೋಡಿ ನೀರು ತರುತ್ತಾರೆ. ಕುಹಲ್ ಎನ್ನುತ್ತಾರೆ ಅದನ್ನು. ಬಟಾಣಿ, ಆಲೂಗಡ್ಡೆ ಎಲ್ಲ ಆ ನೀರಿನದೇ ಬೆಳೆ. ಮಳೆ ನಂಬುವಂತಿಲ್ಲ. ಪೀರ್‌ಪಂಜಾಲ್ ಬೆಟ್ಟಸಾಲು ಮುಂಗಾರನ್ನು ಕುಲ್ಲು, ಮನಾಲಿ ಕಡೆಯೇ ಇಳಿಸಿಕೊಂಡುಬಿಡುತ್ತದೆ. ಆಗುಂಬೆಯಲ್ಲಿ ಜಡಿಮಳೆ ಹಿಡಿದಾಗ ನಿಮ್ಮ ದಾವಣಗೆರೆಯ ಮೇಲೆ ಬರೀ ಮೋಡ ಓಡುತ್ತಿರುತ್ತದಲ್ಲ, ಹಾಗೆ. ಹಂಪ್ತಾ ಪಾಸ್‌ನ ಆಚೆ ಹಸಿರು, ಈಚೆ ಬೋಳು ಕಂದು ಎಂದು ನೀವೇ ನೋಡಿದ್ದೀರಿ. ಲಾಹೌಲ್‌ಗೆ ನೀರು ಬರುವುದು ಚಳಿಗಾಲದಲ್ಲಿ ಪಶ್ಚಿಮದಿಂದ ಬಂದು ಬೀಳುವ ಹಿಮದ ರೂಪದಲ್ಲಿ. ಅದು ಬೇಸಿಗೆಯವರೆಗೆ ಮೇಲೆ ಕೂತಿದ್ದು, ಬೆಳೆಗೆ ಬೇಕಾದಾಗ ಕರಗಿ ಬರುತ್ತದೆ. ಈ ಹೊಂದಿಕೆ ತಪ್ಪಿದರೆ ಆ ಊರುಗಳಿಗೆ ಬೇರೆ ದಾರಿ ಕಡಿಮೆ. ಕಾಲುವೆ ಒಣಗಿದ ಹೊಲದ ಬದುವಿನಲ್ಲಿ ಒಬ್ಬ ಅಜ್ಜಿಯ ಜೊತೆ ಕೂತಿದ್ದ ಒಂದು ಮಧ್ಯಾಹ್ನ ನನ್ನ ಮನಸ್ಸಿನಿಂದ ಹೋಗಿಲ್ಲ. ಎದುರಿಗೇ, ಕೆಳಗೆ, ಚಂದ್ರಾ ತುಂಬಿ ಹರಿಯುತ್ತಿತ್ತು.

ಇನ್ನೊಂದು ಚಿಂತೆ ಚಂದ್ರಾ ಕಣಿವೆಯ ಸಿಸ್ಸು ಎನ್ನುವ ಊರಿನದು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಅಲ್ಲಿಗೆ ಹೋಗುವುದು ಬಹಳ ಸುಲಭವಾಗಿದೆ, ಜನಸಂದಣಿಯೂ ಬೆಳೆದಿದೆ. ಆ ಊರಿನ ಮೇಲ್ಗಡೆ, ಲಾಹೌಲ್‌ನ ಕುಲದೇವರಾದ ಘೇಪನ್ ಹೆಸರಿನ ಹಿಮನದಿಯ ಮೂತಿಯಲ್ಲಿ ಒಂದು ಕೆರೆ ವರ್ಷ ವರ್ಷ ದೊಡ್ಡದಾಗುತ್ತಿದೆ. ಅದನ್ನು ತಡೆದಿರುವುದು ಸಡಿಲ ಕಲ್ಲುಮಣ್ಣಿನ ದಿಬ್ಬ. ಅಪಾಯವಾಗಬಹುದಾದ ಕೆರೆಗಳ ಪಟ್ಟಿಯಲ್ಲಿ ಅದೂ ಇದೆ. ಅದರ ಮೇಲೆ ಕಣ್ಣಿಡಬೇಕು, ಕೆಳಗಿನವರಿಗೆ ಮುನ್ಸೂಚನೆ ಕೊಡುವ ವ್ಯವಸ್ಥೆ ಗಟ್ಟಿಯಾಗಿರಬೇಕು. ನದಿಯ ಜಲ್ಲಿಹಾಸು ಅಗಲವಾಗಿದೆ, ಖಾಲಿ ಇದೆ ಎಂದು ಅದರ ಮೇಲೆ ಕಟ್ಟಡ ಕಟ್ಟುವುದನ್ನು ನಿಲ್ಲಿಸಬೇಕು. ಆ ಖಾಲಿ ಜಾಗ ನದಿಯದು.

ಕೆಳಕ್ಕೆ ಹೋದ ಹಾಗೆ ನದಿಯ ಗಡಿಯಾರವೂ ಬದಲಾಗುತ್ತದೆ. ಹಿಮನದಿಯ ಮೂತಿಯಲ್ಲಿ ಸಂಜೆ ಐದಕ್ಕೆ ಏರಿದ ನೀರು ಗಂಟೆಗೆ ಏಳು ಕಿಲೋಮೀಟರ್ ವೇಗದಲ್ಲಿ ಹೋದರೂ 30 ಕಿಲೋಮೀಟರ್ ಕೆಳಗಿನ ಊರು ಮುಟ್ಟುವಾಗ ರಾತ್ರಿ ಒಂಬತ್ತು ದಾಟಿರುತ್ತದೆ. ಹಾಗಾಗಿ ಬೆಳಗ್ಗೆ ನೀರು ಕಡಿಮೆ ಎನ್ನುವ ಮಾತು ಹಿಮನದಿಗೆ ಹತ್ತಿರದ ಹಳ್ಳಗಳಿಗೆ ಮಾತ್ರ ಸರಿ. ಬೇರೆ ಬೇರೆ ದೂರದಿಂದ ಬೇರೆ ಬೇರೆ ಹೊತ್ತಿಗೆ ಬಂದು ಸೇರುವ ನೀರಿನಿಂದ ದೊಡ್ಡ ನದಿಯಲ್ಲಿ ಏರಿಳಿತ ಮಸುಕಾಗುತ್ತದೆ. ಚಂದ್ರಾ ನದಿಯನ್ನೇ ಯಾವ ಹೊತ್ತಿನಲ್ಲೂ ಕಾಲ್ನಡಿಗೆಯಲ್ಲಿ ದಾಟುವ ಯೋಚನೆ ಮಾಡಬೇಡಿ. ಸೇತುವೆ ಇರುವ ಕಡೆ ದಾಟಿ.

ನಿಮ್ಮ ಮುಂದಿನ ವರ್ಷದ ದಾರಿಯಲ್ಲಿ ಎರಡು ಹಳ್ಳಗಳು ಮುಖ್ಯ: ಟೋಕ್ಪೊ ಯೊಂಗ್ಮಾ, ಟೋಕ್ಪೊ ಗೊಂಗ್ಮಾ. ಟೋಕ್ಪೊ ಎಂದರೆ ಆ ಕಡೆಯ ಮಾತಲ್ಲಿ ಹಳ್ಳ. ಕೆಳಗಿನದು, ಮೇಲಿನದು ಎಂದಷ್ಟೇ ಅರ್ಥ. ಎರಡೂ ಹಿಮನದಿಯಿಂದ ನೇರ ಇಳಿದವು. ಮಧ್ಯಾಹ್ನದ ಮೇಲೆ ಅವುಗಳ ತಂಟೆಗೆ ಹೋಗಬೇಡಿ. ಲಾಹೌಲ್, ಲಡಾಖ್ ರಸ್ತೆಗಳಲ್ಲಿ ಇಂಥ ಹಳ್ಳಕ್ಕೆ ಡ್ರೈವರ್‌ಗಳು ಪಾಗಲ್ ನಾಲಾ, ಅಂದರೆ ಹುಚ್ಚು ಹಳ್ಳ, ಎಂದು ಹೆಸರಿಟ್ಟಿದ್ದಾರೆ. ಬೆಳಗ್ಗೆ ಗಾಡಿ ಸಲೀಸಾಗಿ ದಾಟಿದ ಜಾಗದಲ್ಲಿ ಸಂಜೆ ಲಾರಿಯೇ ನಿಂತುಬಿಡುತ್ತದೆ. ಪಾಸ್‌ಗಳನ್ನು ದಾಟಿ ಕುರಿ ತರುವ ಗದ್ದಿ ಎನ್ನುವ ಕುರಿಗಾಹಿ ಜನರನ್ನು ಗಮನಿಸಿ. ನೂರಾರು ಕುರಿಗಳನ್ನು ಅವರು ನೀರಿಗಿಳಿಸುವುದು ಬಿಸಿಲು ಏರುವ ಮೊದಲೇ. ಮಳೆ ಬಂದರೆ ಮಾತ್ರ ಈ ಲೆಕ್ಕವೆಲ್ಲ ಕೆಡುತ್ತದೆ. ಲಾಹೌಲ್‌ನಲ್ಲಿ ಜೋರು ಮಳೆ ಅಪರೂಪ. ಆದರೆ 2021ರ ಜುಲೈ ಕೊನೆಯಲ್ಲಿ ತೋಜಿಂಗ್ ನಾಲಾದಲ್ಲಿ ಮೇಘಸ್ಫೋಟದ ನೀರು ನುಗ್ಗಿ ಹಲವರು ಪ್ರಾಣ ಕಳೆದುಕೊಂಡರು. ಮೇಲೆ ಕಪ್ಪು ಮೋಡ ಕಟ್ಟಿದ್ದರೆ ಬೆಳಗಿನ ಹೊತ್ತಾದರೂ ಕಾಯಿರಿ. ಆ ಹಳ್ಳಗಳ ದಡದಲ್ಲಿ ಟೆಂಟ್ ಕೂಡ ಹಾಕಬೇಡಿ. ಎತ್ತರದ ದಿಬ್ಬ ಹುಡುಕಿ.

ದಾಟುವ ಹಿಂದಿನ ದಿನವೇ ಹಳ್ಳದ ಹತ್ತಿರ ಬಂದು ತಂಗಿ. ಮಧ್ಯಾಹ್ನ ದಡದಲ್ಲಿ ನೀರಿನ ಅಂಚಿಗೆ ಒಂದು ಕಲ್ಲಿಡಿ. ಗಂಟೆಗೊಮ್ಮೆ ನೋಡಿ. ಹಳ್ಳ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನಿಮಗೇ ತಿಳಿಯುತ್ತದೆ. ಕಿರಿದಾದ ಜಾಗ ಹತ್ತಿರ ಅನ್ನಿಸುತ್ತದೆ, ಆದರೆ ಅಲ್ಲಿ ಆಳವೂ ಜಾಸ್ತಿ, ಸೆಳವೂ ಜಾಸ್ತಿ. ನೀರು ನಾಲ್ಕೈದು ಕವಲಾಗಿ ಹರಡಿರುವ ಕಡೆ ದಾಟಿ. ಬರಿಗಾಲು ಬೇಡ. ಈ ನೀರಿನಲ್ಲಿ ಎರಡು ಮೂರು ನಿಮಿಷದಲ್ಲಿ ಪಾದ ಮರಗಟ್ಟುತ್ತದೆ, ಕಲ್ಲು ತಾಗಿದ್ದೂ ಗೊತ್ತಾಗುವುದಿಲ್ಲ. ಹಳೆಯ ಶೂ ಹಾಕಿಕೊಂಡೇ ಇಳಿಯಿರಿ. ಬ್ಯಾಗಿನ ಸೊಂಟದ ಬೆಲ್ಟ್ ಬಿಚ್ಚಿಟ್ಟುಕೊಳ್ಳಿ. ಬಿದ್ದರೆ ಬ್ಯಾಗ್ ಬಿಟ್ಟು ಎದ್ದೇಳಬೇಕು. ಹಗ್ಗವನ್ನು ಮೈಗೆ ಕಟ್ಟಿಕೊಳ್ಳಬೇಡಿ, ಸೆಳವು ನಿಮ್ಮನ್ನು ನೀರೊಳಗೇ ಒತ್ತಿ ಹಿಡಿಯುತ್ತದೆ. ಮೂವರು ಮೂವರು ತೋಳು ಕೂಡಿಸಿ, ನೀರು ಹರಿದು ಬರುವ ಕಡೆಗೆ ಮುಖ ಮಾಡಿ, ಅಡ್ಡ ಹೆಜ್ಜೆ ಹಾಕುತ್ತಾ ಹೋಗಿ. ನೀರು ತೊಡೆಯ ಅರ್ಧಕ್ಕೆ ಬಂದರೆ ಹಿಂದಿರುಗಿ, ಇನ್ನೊಂದು ಜಾಗ ನೋಡಿ. ಇಲ್ಲದಿದ್ದರೆ ಒಂದು ದಿನ ಕಾಯಿರಿ. ಅದಕ್ಕೆಂದೇ ಒಂದು ದಿನದ ಊಟ ಹೆಚ್ಚು ಇಟ್ಟುಕೊಳ್ಳಿ.

ತಿಂಗಳು ಆರಿಸಿಕೊಳ್ಳುವ ಅವಕಾಶವಿದ್ದರೆ ಸೆಪ್ಟೆಂಬರ್ ಮೊದಲರ್ಧ ಒಳ್ಳೆಯದು. ರಾತ್ರಿ ಚಳಿ ಬಿಗಿಯಾಗಿರುತ್ತದೆ, ಬಿಸಿಲಿನ ಬಿರುಸು ಇಳಿದಿರುತ್ತದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಚಹಾ ಕುಡಿದು, ಬೆಳಕು ಹರಿಯುವ ಹೊತ್ತಿಗೆ ನೀರಿನ ಅಂಚಿನಲ್ಲಿರಿ. ಹಿಂದಿನ ಮಧ್ಯಾಹ್ನ ನೀವು ಇಟ್ಟಿದ್ದ ಕಲ್ಲು ಆಗ ಒಣ ಜಲ್ಲಿಯ ಮೇಲೆ, ನೀರಿನಿಂದ ಹಲವು ಹೆಜ್ಜೆ ಈಚೆ ಸಿಗುತ್ತದೆ.